ತಾಂತ್ರಿಕವಾಗಿ ಮುಂದಿದ್ದ ಸಿಡಿಎಂಎ ಯಾಕೆ ಉಳಿಯಲಿಲ್ಲ?

ತರಂಗಾಂತರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿದ್ದೇನೆ. ವೈರ್‌ಲೆಸ್ ಪಾಠದಲ್ಲಿ ಮೊಬೈಲ್ ಜಾಲ ಕಟ್ಟುವ ಎರಡು ಪದ್ಧತಿಗಳಾದ ಜಿಎಸ್‌ಎಂ, ಸಿಡಿಎಂಎ ಎರಡೂ ಆಯಿತು. ಪುಸ್ತಕ ನೋಡಿದರೆ ಸಿಡಿಎಂಎ ಎಲ್ಲದರಲ್ಲೂ ಒಂದು ಕೈ ಮೇಲು. ಅಷ್ಟೇ ಸ್ಪೆಕ್ಟ್ರಮ್‌ನಲ್ಲಿ ಜಾಸ್ತಿ ಕರೆಗಳು ಹಿಡಿಯುತ್ತವೆ. ಅಕ್ಕಪಕ್ಕದ ಸೆಲ್‌ಗಳು (ಒಂದೊಂದು ಟವರ್‌ನ ವ್ಯಾಪ್ತಿ) ಒಂದೇ ಫ್ರೀಕ್ವೆನ್ಸಿ ಬಳಸಬಹುದು. ಒಂದು ಸೆಲ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಫೋನ್ ಎರಡರ ಜೊತೆಗೂ ಮಾತಾಡುತ್ತಿರುತ್ತದೆ, ಹಾಗಾಗಿ ಕರೆ ಕಡಿಯುವುದು ಕಡಿಮೆ. ಆದರೂ ಜಗತ್ತಿನ ಬಹುಪಾಲು ದೇಶಗಳು ಹೋಗಿದ್ದು ಜಿಎಸ್‌ಎಂ ಹಿಂದೆ. ಸಿಡಿಎಂಎಯ ದೊಡ್ಡ ಮನೆ ಅಂತ ಹೇಳುವ ಅಮೆರಿಕದ ವೆರೈಝನ್ ಕೂಡ 2022ರ ಕೊನೆಗೆ ಆ ಜಾಲ ಮುಚ್ಚಿತು.

ಕೇಳಿದರೆ "ಅದು ಮಾರುಕಟ್ಟೆ ಕಾರಣ" ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಮಾರುಕಟ್ಟೆ ಅಂದರೆ ಇಲ್ಲಿ ಏನು? ಚೆನ್ನಾಗಿರುವುದು ಸೋಲುವುದಕ್ಕೆ ಎಂಜಿನಿಯರಿಂಗ್ ಕಾರಣ ಏನೂ ಇರಲಿಲ್ಲವಾ? ಇನ್ನೊಂದು ಸಂದೇಹ: ಹೀಗೆ ಎರಡು ಮೂರು ಮಾನದಂಡಗಳು ಕಾದಾಡಿದ್ದು ಒಳ್ಳೆಯದಾಯಿತಾ, ಅಥವಾ ಮೊದಲಿಂದಲೇ ಒಂದೇ ಇದ್ದಿದ್ದರೆ ಚೆನ್ನಾಗಿತ್ತಾ? ಈ ಕೆಲಸದಲ್ಲಿ ಇದ್ದವರು ಹೇಳಿದರೆ ಉಪಕಾರ.

---

ಡ್ರೈವ್‌ಟೆಸ್ಟ್ ಬರೆದದ್ದು:

ಎರಡೂ ಜಾಲಗಳಲ್ಲಿ ಆರ್‌ಎಫ್, ಅಂದರೆ ರೇಡಿಯೋ ಸಂಕೇತದ, ಕೆಲಸ ಮಾಡಿದವಳು ನಾನು. ವರ್ಷಗಟ್ಟಲೆ ಗಾಡಿಯಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೀದಿ ಬೀದಿ ಅಳೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಮೊದಲು ಒಂದು ಗಂಟು ಬಿಡಿಸಿಕೊಳ್ಳಿ. ಸಿಡಿಎಂಎ ಎಂಬ ತಂತ್ರ ಸೋಲಲಿಲ್ಲ. ಸಿಡಿಎಂಎ ಎಂಬ ಹೆಸರಿನಲ್ಲಿ ಮಾರಾಟವಾದ ಜಾಲ ಸೋತಿತು. ಇವೆರಡನ್ನೂ ಕಲಸಿಬಿಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರವೇ ಸಿಗಲ್ಲ.

ತಂತ್ರದ ವಿಷಯ. ಜಿಎಸ್‌ಎಂನಲ್ಲಿ ಒಂದು 200 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ ಎಂಟು ಸರದಿ. ನಿಮ್ಮ ಫೋನ್ ತನ್ನ ಸರದಿ ಬಂದಾಗ ಪಟ್ಟನೆ ಸಂಕೇತ ಕಳಿಸಿ ಸುಮ್ಮನಾಗುತ್ತದೆ. 4.615 ಮಿಲಿಸೆಕೆಂಡಿಗೆ ಒಮ್ಮೆ ಮತ್ತೆ ಸರದಿ, ಅಂದರೆ ಸೆಕೆಂಡಿಗೆ ಸುಮಾರು 217 ಸಲ. ಕರೆ ಬರುವ ಮುಂಚೆ ಪಕ್ಕದ ಸ್ಪೀಕರ್ "ಟಿಟ್ಟಿಟ್ಟಿಟ್, ಟಿಟ್ಟಿಟ್ಟಿಟ್" ಅನ್ನುತ್ತಿತ್ತು ನೋಡಿ, ಆ ಗುರ್ರೆನ್ನುವ ಸ್ವರ ಇದೇ 217 ಹರ್ಟ್ಸ್. ಸಿಡಿಎಂಎ ಫೋನ್ ಪಕ್ಕದಲ್ಲಿಟ್ಟರೆ ಆ ಗಲಾಟೆ ಇರಲಿಲ್ಲ. ಅದು ಕರೆಯುದ್ದಕ್ಕೂ ಹಾಗೆ ಕತ್ತರಿಸಿ ಕತ್ತರಿಸಿ ಸಂಕೇತ ಕಳಿಸುವುದಿಲ್ಲ.

ಸಿಡಿಎಂಎಯಲ್ಲಿ ಎಲ್ಲರೂ ಒಂದೇ 1.25 ಮೆಗಾಹರ್ಟ್ಸ್‌ನಲ್ಲಿ, ಒಂದೇ ಹೊತ್ತಿಗೆ. ಬೇರೆ ಮಾಡುವುದು ಕೋಡ್ ಮಾತ್ರ. ಇದರ ತಲೆನೋವು ಏನೆಂದರೆ, ಟವರ್ ಬುಡದಲ್ಲಿರುವ ಒಂದು ಫೋನ್ ಸ್ವಲ್ಪ ಜೋರಾದರೂ ದೂರದವೆಲ್ಲ ಮುಳುಗಿಹೋಗುತ್ತವೆ. ಅದಕ್ಕೇ ಬೇಸ್ ಸ್ಟೇಷನ್ (ಟವರ್‌ನ ರೇಡಿಯೋ ಯಂತ್ರ) ಪ್ರತಿ ಫೋನಿಗೂ "ಏರಿಸು, ಇಳಿಸು" ಎಂದು ಸೆಕೆಂಡಿಗೆ 800 ಸಲ ಹೇಳುತ್ತದೆ. ಜಿಎಸ್‌ಎಂನಲ್ಲಿ ಈ ಮಾತುಕತೆ ಸೆಕೆಂಡಿಗೆ ಎರಡು ಸಲ ಅಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಟಿಎಕ್ಸ್ ಪವರ್, ಅಂದರೆ ಫೋನ್ ಹೊರಗೆ ಕಳಿಸುವ ಶಕ್ತಿ, ಅಂತ ಒಂದು ಗೆರೆ ಓಡುತ್ತಿತ್ತು. ಟವರ್ ಹತ್ತಿರ ಬಂದ ಹಾಗೆ ಗೆರೆ ಜಾರುತ್ತಾ ಇಳಿಯುವುದು. ಲಾರಿ ಅಡ್ಡ ಬಂದರೆ ಏರುವುದು, ಸರಿದರೆ ಇಳಿಯುವುದು. ಅಷ್ಟು ಚುರುಕಾದ ಯಂತ್ರ ಅದು. 1980ರ ದಶಕದ ಕೊನೆಗೆ ತಿಳಿದವರೇ ಎಷ್ಟೋ ಜನ ಇದು ಹೊರಗೆ, ಬೀದಿಯಲ್ಲಿ, ನಡೆಯುವ ಮಾತಲ್ಲ ಎಂದಿದ್ದರು. 1989ರಲ್ಲಿ ಅಮೆರಿಕದ ಸೆಲ್ಯುಲಾರ್ ಉದ್ಯಮ ಸಂಘ ಟಿಡಿಎಂಎ, ಅಂದರೆ ಸರದಿ ಪದ್ಧತಿಯೇ, ಸಾಕು ಎಂದು ತೀರ್ಮಾನ ಮಾಡಿಯಾಗಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕ್ವಾಲ್ಕಾಮ್ ಸ್ಯಾನ್ ಡಿಯಾಗೋದಲ್ಲಿ ಗಾಡಿ ಓಡಿಸಿ, ಸಿಡಿಎಂಎಯಲ್ಲಿ ಕರೆ ಮಾಡಿ ತೋರಿಸಿತು. 1993ರಲ್ಲಿ ಅದು ಐಎಸ್-95 ಎಂಬ ಮಾನದಂಡವಾಯಿತು. ಒಂದು ಸಣ್ಣ ಕಂಪನಿ ಮುಚ್ಚಿದ ಬಾಗಿಲನ್ನು ಮತ್ತೆ ತೆಗೆಸಿದ್ದು ಇದು. ಇವತ್ತಿಗೂ ನನಗೆ ಇದರ ಬಗ್ಗೆ ಗೌರವ ಇದೆ.

ಪುಸ್ತಕದಲ್ಲಿ ಕಾಣದ ಕಷ್ಟವೂ ಇತ್ತು. ಸಿಡಿಎಂಎಯಲ್ಲಿ ಜನ ಜಾಸ್ತಿಯಾದ ಹಾಗೆ ಸೆಲ್ ಕುಗ್ಗುತ್ತದೆ. ಬೆಳಿಗ್ಗೆ ಅಳೆದಾಗ ಚೆನ್ನಾಗಿ ಸಿಕ್ಕ ಮೂಲೆ ಸಂಜೆ ಕರೆಗಳ ಹೊತ್ತಿಗೆ ಹೋಗಿಬಿಟ್ಟಿರುತ್ತದೆ. ಜಿಎಸ್‌ಎಂನಲ್ಲಿ ಮೂಲೆ ಅಲ್ಲೇ ಇರುತ್ತದೆ, ಸರದಿ ಖಾಲಿ ಇಲ್ಲ ಅಷ್ಟೇ. ಬದಲಿಗೆ ಅಲ್ಲಿ ಯಾವ ಸೆಲ್‌ಗೆ ಯಾವ ಫ್ರೀಕ್ವೆನ್ಸಿ ಎಂದು ಹಂಚುವುದರಲ್ಲೇ ಜೀವ ಹೋಗುತ್ತದೆ. ಒಂದು ಹೊಸ ಸೈಟ್ ಏರಿಸಿದರೆ ಸುತ್ತಲಿನ ಸೆಲ್‌ಗಳ ಲೆಕ್ಕವೆಲ್ಲ ಮತ್ತೆ ಮಾಡಬೇಕು. ಒಟ್ಟಿನಲ್ಲಿ ರೇಡಿಯೋ ಮಟ್ಟದಲ್ಲಿ ಸಿಡಿಎಂಎಯೇ ಮುಂದೆ. ನಿಮ್ಮ ಪುಸ್ತಕ ಹೇಳುವಷ್ಟು ದೊಡ್ಡ ಅಂತರದಲ್ಲಲ್ಲ.

ಈಗ ಅಸಲು ವಿಷಯ. ಜಿಎಸ್‌ಎಂ ಬರೆದವರು ರೇಡಿಯೋ ಒಂದನ್ನೇ ಬರೆಯಲಿಲ್ಲ. ಯುರೋಪಿನಲ್ಲಿ ಮೊದಲ ತಲೆಮಾರಿನ ಅನಲಾಗ್ ಜಾಲಗಳು ಒಂದಕ್ಕೊಂದು ಸೇರುತ್ತಿರಲಿಲ್ಲ. ನಾರ್ಡಿಕ್ ದೇಶಗಳಲ್ಲಿ ಎನ್‌ಎಂಟಿ, ಬ್ರಿಟನ್‌ನಲ್ಲಿ ಟ್ಯಾಕ್ಸ್, ಜರ್ಮನಿಯಲ್ಲಿ ಸಿ-ನೆಟ್ಸ್, ಫ್ರಾನ್ಸ್‌ನಲ್ಲಿ ಬೇರೆಯೇ. ಗಡಿ ದಾಟಿದರೆ ಕಾರಿನ ಫೋನ್ ಕೆಲಸಕ್ಕೆ ಬಾರದು. ಆ ನೋವಿನಿಂದಲೇ 1982ರಲ್ಲಿ ಅಂಚೆ ಮತ್ತು ದೂರವಾಣಿ ಇಲಾಖೆಗಳ ಒಕ್ಕೂಟವಾದ ಸೆಪ್ಟ್ ಒಂದು ಗುಂಪು ಕಟ್ಟಿತು. 1987ರಲ್ಲಿ ಕೋಪನ್‌ಹೇಗನ್‌ನಲ್ಲಿ 13 ದೇಶಗಳವರು ಸಹಿ ಹಾಕಿದರು. ಅವರಿಗೆ ಬೇಕಿದ್ದದ್ದು ಗಡಿ ದಾಟುವ ಫೋನ್. ಹಾಗಾಗಿ ರೋಮಿಂಗ್ ಹೇಗೆ, ಒಂದು ಜಾಲ ಇನ್ನೊಂದನ್ನು "ಈ ಗ್ರಾಹಕ ನಿಮ್ಮವನಾ?" ಎಂದು ಹೇಗೆ ಕೇಳಬೇಕು, ಕರೆ ಜೋಡಿಸುವ ಸ್ವಿಚ್ ಮತ್ತು ಟವರ್‌ಗಳನ್ನು ನಡೆಸುವ ಬೇಸ್ ಸ್ಟೇಷನ್ ಕಂಟ್ರೋಲರ್ ನಡುವೆ ಏನು ಹರಿಯಬೇಕು, ಎಲ್ಲವನ್ನೂ ಬರೆದಿಟ್ಟರು. 1991ರ ಜುಲೈ 1ರಂದು ಫಿನ್‌ಲ್ಯಾಂಡ್‌ನಲ್ಲಿ ಮೊದಲ ಕರೆ ಹೋಯಿತು.

ಇದರ ಫಲ ನನ್ನಂಥವರಿಗೆ ಕಂಡಿದ್ದು ಹೀಗೆ. ಸ್ವಿಚ್ ಒಬ್ಬರದ್ದು, ರೇಡಿಯೋ ಇನ್ನೊಬ್ಬರದ್ದು, ಎರಡನ್ನೂ ಜೋಡಿಸಿದರೆ ಜಾಲ ಓಡುತ್ತಿತ್ತು. ಬೇಸ್ ಸ್ಟೇಷನ್ ಮತ್ತು ಅದರ ಕಂಟ್ರೋಲರ್ ಮಾತ್ರ ಒಬ್ಬರದ್ದೇ ಆಗಬೇಕಿತ್ತು, ಏಕೆಂದರೆ ಅವೆರಡರ ನಡುವಿನ ಎಬಿಸ್ ಎಂಬ ಇಂಟರ್‌ಫೇಸ್ (ಜೋಡಣೆಯ ನಿಯಮ) ಕಾಗದದ ಮೇಲಷ್ಟೇ ತೆರೆದಿತ್ತು. ಆದರೂ ಜಾಲ ಕಟ್ಟುವವರಿಗೆ "ಬೆಲೆ ಸರಿಹೋಗದಿದ್ದರೆ ಬೇರೆಯವರ ಹತ್ತಿರ ಹೋಗುತ್ತೇನೆ" ಎಂದು ಹೇಳುವ ದಾರಿ ಇತ್ತು.

ಬಳಸುವವರಿಗೆ ಇದೇ ದಾರಿ ಸಿಮ್ ಕಾರ್ಡ್ ರೂಪದಲ್ಲಿ ಸಿಕ್ಕಿತು. ಫೋನ್ ಕೆಟ್ಟರೆ ಬ್ಯಾಟರಿ ತೆಗೆದು, ಸಿಮ್ ಜಾರಿಸಿ, ಇನ್ನೊಂದರಲ್ಲಿ ಕೂರಿಸಿದರೆ ಮುಗಿಯಿತು. ಹೆಚ್ಚಿನ ಸಿಡಿಎಂಎ ಫೋನ್‌ಗಳಲ್ಲಿ ಸಿಮ್ ಇರಲಿಲ್ಲ. ಬ್ಯಾಟರಿ ಅಡಿಯ ಸ್ಟಿಕ್ಕರ್‌ನಲ್ಲಿ ಇಎಸ್‌ಎನ್ ಅಂತ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಕಂಪನಿಯವರಿಗೆ ಓದಿ ಹೇಳಬೇಕು, ಅವರ ಪಟ್ಟಿಯಲ್ಲಿ ಅದು ಇರಬೇಕು, ಅವರು ಆನ್ ಮಾಡಬೇಕು. ಬೇರೆ ಕಡೆ ಕೊಂಡ ಫೋನ್ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಲ್ಲಿಲ್ಲ ಎಂದರೆ ಕಥೆ ಮುಗಿಯಿತು. ಸಿಮ್‌ನಂಥದ್ದೇ ಆರ್-ಯುಐಎಂ ಎಂಬ ಕಾರ್ಡ್ ಆಮೇಲೆ ಬಂತು, ಚೀನಾದಂಥ ಕೆಲವು ದೇಶಗಳಲ್ಲಿ ನಡೆಯಿತು ಕೂಡ. ಅಷ್ಟರಲ್ಲಿ ತಡವಾಗಿತ್ತು. ನಿಮಗೆ ಹೇಳಿದ "ಮಾರುಕಟ್ಟೆ ಕಾರಣ" ಇದು. ನನ್ನ ಪ್ರಕಾರ ಇದು ಪಕ್ಕಾ ಎಂಜಿನಿಯರಿಂಗ್ ಕಾರಣ. ಯಾರು ಯಾರನ್ನು ಬಿಟ್ಟು ಹೋಗಬಹುದು ಎಂಬುದನ್ನು ಇಂಟರ್‌ಫೇಸ್ ಬರೆಯುವವರೇ ತೀರ್ಮಾನಿಸಿರುತ್ತಾರೆ.

ಇನ್ನು ತಂತ್ರ ಗೆದ್ದ ಕಥೆ. 1998ರ ಜನವರಿಯಲ್ಲಿ ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಎಟ್ಸಿ 3ಜಿಗೆ ರೇಡಿಯೋ ಆರಿಸಿತು. ಆರಿಸಿದ್ದು ಡಬ್ಲ್ಯೂ-ಸಿಡಿಎಂಎ! ಜಿಎಸ್‌ಎಂನ ಮನೆಯವರೇ ಸರದಿ ಪದ್ಧತಿ ಬಿಟ್ಟು, 5 ಮೆಗಾಹರ್ಟ್ಸ್ ಅಗಲದ ಕೋಡ್ ಪದ್ಧತಿಗೆ ಬಂದರು. ಹಿಂದಿನ ಸ್ವಿಚ್, ಸಿಮ್, ರೋಮಿಂಗ್ ಹಾಗೇ ಉಳಿಯಿತು, ಮುಂದಿನ ರೇಡಿಯೋ ಬದಲಾಯಿತು. ಪವರ್ ಕಂಟ್ರೋಲ್ ಸೆಕೆಂಡಿಗೆ 1500 ಸಲಕ್ಕೆ ಏರಿತು. ಎರಿಕ್ಸನ್ ಮತ್ತು ಕ್ವಾಲ್ಕಾಮ್ ಪೇಟೆಂಟ್‌ಗಾಗಿ ಕೋರ್ಟಿನಲ್ಲಿ ಕಾದಾಡಿ, 1999ರ ಮಾರ್ಚ್‌ನಲ್ಲಿ ರಾಜಿಯಾದವು. ರಾಜಿಯ ಭಾಗವಾಗಿ ಕ್ವಾಲ್ಕಾಮ್‌ನ ಬೇಸ್ ಸ್ಟೇಷನ್ ವ್ಯವಹಾರವನ್ನೇ ಎರಿಕ್ಸನ್ ಕೊಂಡಿತು. ಎರಡು ಬಣ ಹತ್ತಿರ ಬರಲಿ ಎಂದು ಡಬ್ಲ್ಯೂ-ಸಿಡಿಎಂಎಯ ಚಿಪ್ ರೇಟ್ (ಕೋಡ್ ಓಡುವ ವೇಗ) ಕೂಡ ಸೆಕೆಂಡಿಗೆ 4.096ರಿಂದ 3.84 ಮೆಗಾಚಿಪ್‌ಗೆ ಇಳಿಯಿತು. ಪೂರ್ತಿ ಒಂದಾಗಲಿಲ್ಲ. ಮಾನದಂಡ ಬರೆಯಲು ಜಿಎಸ್‌ಎಂ ಬಣಕ್ಕೆ 3ಜಿಪಿಪಿ, ಸಿಡಿಎಂಎ ಬಣಕ್ಕೆ 3ಜಿಪಿಪಿ2 ಎಂದು ಎರಡು ಮನೆ ಉಳಿದೇ ಉಳಿಯಿತು.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಕ್ವಾಲ್ಕಾಮ್‌ನವರು ಹಟ ಹಿಡಿಯದೇ ಇದ್ದಿದ್ದರೆ 3ಜಿ ಹಾಗಿರುತ್ತಿರಲಿಲ್ಲ. ತಂತ್ರಗಳು ಕಾದಾಡಲಿ, ಎಷ್ಟು ಬೇಕಾದರೂ. ಆ ಜಗಳ ಬಳಸುವವರ ಕೈಯಲ್ಲಿರುವ ಫೋನಿನವರೆಗೆ ಬರಬಾರದು.

---

ಸ್ವಿಚ್‌ರೂಮ್ ಬರೆದದ್ದು:

ಮೇಡಂ, ರೇಡಿಯೋ ಭಾಗ ಚೆನ್ನಾಗಿ ಹೇಳಿದ್ದೀರಿ. ಒಂದು ಕಡೆ ಮಾತ್ರ ನಾನು ಒಪ್ಪಲ್ಲ. ಜಿಎಸ್‌ಎಂ ಗೆದ್ದದ್ದು ಇಂಟರ್‌ಫೇಸ್ ಚೆನ್ನಾಗಿ ಬರೆದದ್ದರಿಂದ ಎನ್ನುವಾಗ ಸರ್ಕಾರದ ಕೈ ಮರೆಯಬಾರದು. 1987ರಲ್ಲೇ ಯುರೋಪಿನ ಸಮುದಾಯ ನಿರ್ದೇಶನ ಹೊರಡಿಸಿ 900 ಮೆಗಾಹರ್ಟ್ಸ್‌ನಲ್ಲಿ ಇದಕ್ಕಾಗಿಯೇ ಜಾಗ ಕಾಯ್ದಿರಿಸಿತು. ಅಲ್ಲಿ ಬೇರೆ ಏನನ್ನಾದರೂ ಹಾಕುತ್ತೇನೆ ಎನ್ನಲು ಯಾರಿಗೂ ಅವಕಾಶ ಇರಲಿಲ್ಲ. ಅಷ್ಟು ದೇಶಗಳು ಒಟ್ಟಿಗೆ ಕೊಳ್ಳುತ್ತವೆ ಎಂದು ಗೊತ್ತಿದ್ದರೆ ಯಾವ ಕಂಪನಿ ತಾನೇ ಸಲಕರಣೆ ಮಾಡಲ್ಲ?

ಸಿಡಿಎಂಎ ಕಡೆಯೂ ಹೀಗೇ. ದಕ್ಷಿಣ ಕೊರಿಯಾದ ಸರ್ಕಾರ 1993ರಲ್ಲಿ ಸಿಡಿಎಂಎಯನ್ನೇ ರಾಷ್ಟ್ರದ ಮಾನದಂಡ ಮಾಡಿತು. 1996ರ ಆರಂಭದಲ್ಲಿ ಸೇವೆ ಶುರುವಾಯಿತು. ಅಲ್ಲಿನ ಫೋನ್ ಕಂಪನಿಗಳು ಕಲಿತು ಬೆಳೆದದ್ದು ಅದರ ಮೇಲೆ. ಆ ತೀರ್ಮಾನ ಇರದಿದ್ದರೆ ಐಎಸ್-95 ಅಷ್ಟು ಬೇಗ ನೆಲೆ ನಿಲ್ಲುತ್ತಿರಲಿಲ್ಲ.

ನಿಜವಾಗಿ ಮುಕ್ತ ಪೈಪೋಟಿ ಬಿಟ್ಟದ್ದು ಅಮೆರಿಕ. 1990ರ ದಶಕದಲ್ಲಿ ಹೊಸ ಸ್ಪೆಕ್ಟ್ರಮ್ ಹರಾಜು ಹಾಕಿ, ಏನು ಬೇಕೋ ಕಟ್ಟಿಕೊಳ್ಳಿ ಎಂದರು. ಸ್ಪ್ರಿಂಟ್ ಕಂಪನಿ ಸಿಡಿಎಂಎ ಕಟ್ಟಿತು. ಎಟಿ ಅಂಡ್ ಟಿ ವೈರ್‌ಲೆಸ್ ಅಮೆರಿಕದ ಸರದಿ ಪದ್ಧತಿಯಾದ ಡಿ-ಆಂಪ್ಸ್‌ನಲ್ಲಿತ್ತು, ಕೆಲವೇ ವರ್ಷದಲ್ಲಿ ಅದರ ಮೇಲೆ ಮತ್ತೆ ಜಿಎಸ್‌ಎಂ ಕಟ್ಟಬೇಕಾಯಿತು. ಒಂದೇ ಬೀದಿಯ ಎರಡು ಫೋನ್‌ಗಳು ಒಂದರ ಜಾಲದಲ್ಲಿ ಇನ್ನೊಂದು ನಡೆಯದ ಸ್ಥಿತಿ. ಜಗಳ ಫೋನಿನವರೆಗೆ ಬರಬಾರದು ಅಂದಿರಲ್ಲ, ಆ ಜಗಳಕ್ಕೆ ಗೋಡೆ ಕಟ್ಟುವವರು ಯಾರು? ಸರ್ಕಾರವೇ ಅಲ್ವಾ?

---

ಡ್ರೈವ್‌ಟೆಸ್ಟ್ ಬರೆದದ್ದು:

ಸ್ವಿಚ್‌ರೂಮ್ ಅವರೇ, ಸರ್ಕಾರದ ಕೈ ಇತ್ತು, ಇಲ್ಲ ಎನ್ನಲ್ಲ. ಆದರೆ ಆಜ್ಞೆ ಒಂದೇ ಸಾಕಾಗಿದ್ದರೆ ಜಪಾನಿನ 2ಜಿ ಮಾನದಂಡ ಪಿಡಿಸಿ ಇವತ್ತು ಎಲ್ಲರಿಗೂ ಗೊತ್ತಿರಬೇಕಿತ್ತು. ಅಲ್ಲೂ ಒಂದೇ ಮಾನದಂಡ, ಅಲ್ಲೂ ಒಳ್ಳೆಯ ಎಂಜಿನಿಯರ್‌ಗಳು, ಕೋಟಿಗಟ್ಟಲೆ ಗ್ರಾಹಕರು. ಅದು ಜಪಾನ್ ಬಿಟ್ಟು ಹೊರಗೆ ಬೇರು ಬಿಡಲಿಲ್ಲ.

ಚೀನಾ ನೋಡಿ. 2009ರ ಜನವರಿಯಲ್ಲಿ ಒಂದೇ ದಿನ ಮೂರು 3ಜಿ ಲೈಸೆನ್ಸ್ ಕೊಟ್ಟರು, ಮೂರೂ ಬೇರೆ ಬೇರೆ. ಚೈನಾ ಯುನಿಕಾಮ್‌ಗೆ ಡಬ್ಲ್ಯೂ-ಸಿಡಿಎಂಎ, ಚೈನಾ ಟೆಲಿಕಾಮ್‌ಗೆ ಐಎಸ್-95ರ ಮುಂದಿನ ರೂಪವಾದ ಸಿಡಿಎಂಎ2000, ಎಲ್ಲಕ್ಕಿಂತ ದೊಡ್ಡದಾದ ಚೈನಾ ಮೊಬೈಲ್‌ಗೆ ದೇಶದಲ್ಲೇ ಬೆಳೆಸಿದ ಟಿಡಿ-ಎಸ್‌ಸಿಡಿಎಂಎ. ಜಗತ್ತಿನಲ್ಲೇ ಅತಿ ಹೆಚ್ಚು ಗ್ರಾಹಕರಿದ್ದ ಕಂಪನಿಯ ಬೆನ್ನ ಮೇಲೆ ಹೊರಿಸಿದರೂ ಆ ಮಾನದಂಡ ಹೊರಗೆ ಹಬ್ಬಲಿಲ್ಲ. ಫೋನ್ ಮಾಡುವವರು ಮೊದಲು ಡಬ್ಲ್ಯೂ-ಸಿಡಿಎಂಎಗೆ ಮಾಡುತ್ತಿದ್ದರು. ಆದರೆ ಆ ಶ್ರಮ ನೀರಿಗೆ ಹೋಗಲಿಲ್ಲ. ಕಳಿಸುವುದು, ಪಡೆಯುವುದು ಎರಡನ್ನೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸಮಯ ಹಂಚಿ ಮಾಡುವ ಆ ಅನುಭವ 4ಜಿ ಮಾನದಂಡವಾದ ಎಲ್‌ಟಿಇಯ ಟಿಡಿಡಿ ರೂಪಕ್ಕೆ ಬಂತು, ಅದು ಎಲ್ಲರ ಮಾನದಂಡದ ಒಳಗೇ ಸೇರಿತು. ಹಾಗಾಗಿ ಗೋಡೆ ಸರ್ಕಾರ ಕಟ್ಟಲಿ, ಬೇಡ ಎನ್ನಲ್ಲ. ಒಳಗೆ ಏನಿದೆ ಎಂಬುದನ್ನು ಬಿಟ್ಟು ಗೋಡೆಗೇ ಶ್ರೇಯ ಕೊಡಲು ನನಗೆ ಮನಸ್ಸಿಲ್ಲ.

---

ಬೇಸ್‌ಬ್ಯಾಂಡ್ ಬರೆದದ್ದು:

ಇದೇ ಮಾತಿಗೆ ಎಲ್‌ಟಿಇಯ ಎದುರಾಳಿಯಾಗಿದ್ದ ವೈಮ್ಯಾಕ್ಸ್ ಸೇರಿಸಬೇಕು. ಅದು ಮೊದಲು ಬಂದು ಸೋತದ್ದು. ಮೊಬೈಲ್ ವೈಮ್ಯಾಕ್ಸ್‌ನ ಮಾನದಂಡ 802.16ಇ 2005ರಲ್ಲೇ ಸಿದ್ಧ. ಕೊರಿಯಾದಲ್ಲಿ ವೈಬ್ರೋ ಹೆಸರಲ್ಲಿ 2006ರಲ್ಲಿ ಶುರು. ಸ್ಪ್ರಿಂಟ್ 2008ರಲ್ಲಿ ಬಾಲ್ಟಿಮೋರ್‌ನಲ್ಲಿ ತೆರೆಯಿತು. ಎಲ್‌ಟಿಇ ಜನರಿಗೆ ಸಿಕ್ಕಿದ್ದು 2009ರ ಡಿಸೆಂಬರ್‌ನಲ್ಲಿ, ಸ್ಟಾಕ್‌ಹೋಮ್ ಮತ್ತು ಓಸ್ಲೋದಲ್ಲಿ. ರೇಡಿಯೋ ನೋಡಿದರೆ ಎರಡೂ ಅಣ್ಣತಮ್ಮಂದಿರು, ಎರಡೂ ಓಎಫ್‌ಡಿಎಂಎ, ಅಂದರೆ ಚಾನೆಲನ್ನು ಸಣ್ಣ ಸಣ್ಣ ಎಳೆಗಳಾಗಿ ಸೀಳಿ ಹಂಚುವ ಪದ್ಧತಿ. ಒಂದು ಒಳ್ಳೆಯ ವ್ಯತ್ಯಾಸ ಅಂದರೆ ಫೋನಿನಿಂದ ಟವರ್ ಕಡೆಗೆ ಎಲ್‌ಟಿಇ ಅದರದೇ ಇನ್ನೊಂದು ರೂಪವಾದ ಎಸ್‌ಸಿ-ಎಫ್‌ಡಿಎಂಎ ಬಳಸಿತು. ಅದರಲ್ಲಿ ಸಂಕೇತದ ಏರಿಳಿತ ಕಡಿಮೆ, ಹಾಗಾಗಿ ಫೋನಿನ ಪವರ್ ಆಂಪ್ಲಿಫೈಯರ್‌ಗೆ ಹೊರೆ ಕಡಿಮೆ, ಬ್ಯಾಟರಿ ಉಳಿಯುತ್ತದೆ.

ಆದರೆ ತೀರ್ಪು ಬಂದದ್ದು ಅಲ್ಲಿಂದಲ್ಲ. 2007ರ ಕೊನೆಗೆ ವೆರೈಝನ್, ಸಿಡಿಎಂಎ ಕಂಪನಿ, 4ಜಿಗೆ ಎಲ್‌ಟಿಇ ಆರಿಸಿತು. ಆ ದಿನವೇ ಆಟ ಮುಗಿಯಿತು ಅನ್ನುವವನು ನಾನು. ಸಿಡಿಎಂಎ ಕುಟುಂಬದ ಸ್ವಂತ 4ಜಿ ಆಗಬೇಕಿದ್ದ ಯುಎಂಬಿಯನ್ನು ಕ್ವಾಲ್ಕಾಮ್ 2008ರ ನವೆಂಬರ್‌ನಲ್ಲಿ ಕೈಬಿಟ್ಟಿತು. 2011ರಲ್ಲಿ ಸ್ಪ್ರಿಂಟ್ ಕೂಡ ಎಲ್‌ಟಿಇ ಕಟ್ಟುತ್ತೇನೆ ಎಂದಿತು. ಹಳೆಯ ಜಾಲ ಇದ್ದವರಿಗೆ ಎಲ್‌ಟಿಇಗೆ ಮೆಟ್ಟಿಲು ಇತ್ತು. ಎಲ್‌ಟಿಇ ಸಿಗದ ಕಡೆ ಫೋನ್ 3ಜಿಗೆ, 2ಜಿಗೆ ಇಳಿಯುವುದು ಹೇಗೆ ಎಂದು ಮಾನದಂಡದಲ್ಲೇ ಬರೆದಿತ್ತು. ಕಂಪ್ಯೂಟರ್ ಲೋಕದಿಂದ ಬಂದ ವೈಮ್ಯಾಕ್ಸ್‌ಗೆ ಆ ಹಳೇ ನಂಟು ಇರಲಿಲ್ಲ.

---

ತರಂಗಾಂತರ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಇಎಸ್‌ಎನ್ ವಿಷಯ ನಮ್ಮ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಈಗ 5ಜಿಗೆ ಒಂದೇ ಮಾನದಂಡ. ಅಂದರೆ ಪೈಪೋಟಿ ಮುಗಿಯಿತು ಅಂತಲಾ? ಮೇಡಂ ಹೇಳಿದ ಕ್ವಾಲ್ಕಾಮ್ ತರಹದ ಹಟಕ್ಕೆ ಈಗ ಎಲ್ಲಿ ಜಾಗ?

---

ಬೇಸ್‌ಬ್ಯಾಂಡ್ ಬರೆದದ್ದು:

ಮುಗಿದಿಲ್ಲ, ಮಾನದಂಡ ಬರೆಯುವ ಸಭೆಯ ಒಳಗೆ ಹೋಗಿದೆ. 2016ರಲ್ಲಿ 5ಜಿಗೆ ಎರರ್ ಕರೆಕ್ಷನ್ ಕೋಡ್ (ದಾರಿಯಲ್ಲಿ ಆದ ತಪ್ಪು ತಿದ್ದುವ ಕೋಡ್) ಯಾವುದು ಎಂದು 3ಜಿಪಿಪಿಯಲ್ಲಿ ನಡೆದ ವಾದ ಓದಿ. 3ಜಿ, 4ಜಿಯಲ್ಲಿ ಡೇಟಾಗೆ ಇದ್ದದ್ದು ಟರ್ಬೋ ಕೋಡ್. ಅದೇ ಇರಲಿ ಎಂದವರು ಇದ್ದರು, ಎಲ್‌ಡಿಪಿಸಿ ಬೇಕು ಎಂದವರು ಇದ್ದರು, ಪೋಲಾರ್ ಎಂದವರು ಇದ್ದರು. ಕೊನೆಗೆ ಆ ನವೆಂಬರ್‌ನಲ್ಲಿ ಡೇಟಾ ಚಾನೆಲ್‌ಗೆ ಎಲ್‌ಡಿಪಿಸಿ, ಕಂಟ್ರೋಲ್ ಚಾನೆಲ್‌ಗೆ ಪೋಲಾರ್ ಎಂದಾಯಿತು. ಎಲ್‌ಡಿಪಿಸಿ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿ ಕೊಟ್ಟದ್ದು. ಪೋಲಾರ್ ಕೊಟ್ಟ ಎರ್ದಾಲ್ ಅರಿಕಾನ್ ಅದೇ ಗ್ಯಾಲಗರ್ ಕೈಕೆಳಗೆ ಎಂಐಟಿಯಲ್ಲಿ ಓದಿದವರು. ಗುರು ಶಿಷ್ಯರ ಎರಡು ಕೋಡ್‌ಗಳು ಒಂದೇ ಫೋನಿನಲ್ಲಿ ಕೆಲಸ ಮಾಡುತ್ತಿವೆ, ಯಾವ ಫೋನ್ ಎಂದು ಬಳಸುವವರು ಯೋಚಿಸಬೇಕಾಗಿಲ್ಲ.

---

ಡ್ರೈವ್‌ಟೆಸ್ಟ್ ಬರೆದದ್ದು:

ಹೌದು, ನನಗೆ ಬೇಕಾದ ಪೈಪೋಟಿ ಇದೇ. ಒಂದು ಆತಂಕವೂ ಇದೆ. ಸಭೆಯಲ್ಲಿ ಕೂರಲು ಜನ, ಹಣ, ಪೇಟೆಂಟ್ ಬೇಕು. 1989ರ ಕ್ವಾಲ್ಕಾಮ್‌ನಂಥ ಚಿಕ್ಕ ಕಂಪನಿಗೆ ಈಗ ಹೊರಗೆ ನಿಂತು ಮಾಡಿ ತೋರಿಸುವ ಬೀದಿ ಇಲ್ಲ. 6ಜಿ ಮಾತು ಬರುವಾಗ ಜಗತ್ತು ಮತ್ತೆ ಎರಡು ಮಾನದಂಡಕ್ಕೆ ಒಡೆಯಬಹುದು ಎಂದು ಹೆದರುವವರಿದ್ದಾರೆ, ಆ ಹೆದರಿಕೆ ನನಗೂ ಇದೆ. ಆದರೆ ಚಿಕ್ಕವರಿಗೆ ಬೀದಿ ಇಲ್ಲದಿರುವುದೂ ಒಂದು ಹೆದರಿಕೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ.

ತರಂಗಾಂತರ, ನಿಮಗೆ ಒಂದು ಕೆಲಸ. 3ಜಿಪಿಪಿ ದಾಖಲೆಗಳು ಎಲ್ಲರಿಗೂ ಉಚಿತ. 25.213 ಸಂಖ್ಯೆಯ ದಾಖಲೆ ತೆಗೆದು ಡಬ್ಲ್ಯೂ-ಸಿಡಿಎಂಎಯ ಕೋಡ್‌ಗಳ ಭಾಗ ಓದಿ, ಪಕ್ಕದಲ್ಲಿ ನಿಮ್ಮ ಪುಸ್ತಕದ ಐಎಸ್-95 ಅಧ್ಯಾಯದಲ್ಲಿ ಕರೆಗಳನ್ನು ಬೇರೆ ಮಾಡುವ ವಾಲ್ಶ್ ಕೋಡ್ ಭಾಗ ಇಟ್ಟುಕೊಳ್ಳಿ. ಸೋತವರ ಮನೆಯಿಂದ ಗೆದ್ದವರ ಮನೆಗೆ ಏನೇನು ಬಂತು ಎಂದು ಪುಟ ಪುಟದಲ್ಲಿ ಕಾಣುತ್ತದೆ. ಆಮೇಲೆ 38.212ರಲ್ಲಿ ಬೇಸ್‌ಬ್ಯಾಂಡ್ ಹೇಳಿದ ಎರಡೂ ಕೋಡ್‌ಗಳಿವೆ. ಎಲ್ಲಿ ಅರ್ಥ ಆಗಲಿಲ್ಲವೋ ಇಲ್ಲೇ ಕೇಳಿ.